ಕಾಳಪ್ಪನ ಆಯ

ಅಪ್ಪಾ, ನೀವು ತೀರಿಕೊಂಡ ಮೇಲೆ ಕೌಜಲಗಿಯ ಮನೆಯಲ್ಲಿ ನಾನೊಂದು ಅಪರಾಧ ಮಾಡಿದ್ದೇನೆ: ಬೀಜ ಬಿತ್ತುವ ನಿಮ್ಮ ಕೂರಿಗೆಯ ಒಂದು ಹಲ್ಲನ್ನು ಬೇಕೆಂದೇ ಮುರಿದೆ.

ಬಡಿಗೇರ ಕಾಳಪ್ಪನಿಗೆ, ಕೆಲಸವಿರಲಿ ಬಿಡಲಿ, ನೀವು ಪ್ರತಿ ಸುಗ್ಗಿಗೂ ಕೊಡುತ್ತಿದ್ದ ಆಯದ ಜೋಳವನ್ನು ನಿಲ್ಲಿಸಬೇಕೆಂದಿದ್ದೆ. ಆಯವಿದ್ದವನಿಗೆ ಆಯಾಸವೇಕೆ, ಕರೆದರೂ ಬರಲಾರ ಎಂದು ಅವ್ವನೆದುರು ಕೊಚ್ಚಿಕೊಂಡೆ; ಅದನ್ನು ತೋರಿಸಿಕೊಡಲೆಂದೇ ಹಲ್ಲು ಮುರಿದದ್ದು. ಬಿತ್ತನೆ ಹತ್ತಿರ ಬಂತೆಂದು ಇಂದು ಆತ ಕರೆಯದೆಯೇ ಬಂದ. ಮುರಿದ ಹಲ್ಲು ಕೂಡಿಸಿ, ನಾನು ನೋಡಿರದ ಬಿರುಕನ್ನೂ ಸರಿಪಡಿಸಿದ.

“ಜೋಳ ಹೆಂಗೂ ಸಿಗತೈತಿ, ಯಾಕ ಬಂದಿ ಕಾಳಪ್ಪ?” ಎಂದೆ.

“ಮನ್ಯಾಗ ಜೋಳ ಇಲ್ಲದಿದ್ರ ಗೋಕಾಕಕ್ಕ ಕೂಲಿಗೆ ಹೋಗಿರತಿದ್ನಿ, ಸಣ್ಣ ಸಾವಕಾರ್ರ. ಐತಿ ಅಂತನ ಇಲ್ಲೆ ಅದೇನಿ.”

ನೀವು ಆತನನ್ನು ಸರಿಯಾಗಿ ಅಳೆದಿದ್ದಿರಿ. ಆಯ ನಿಲ್ಲುವುದಿಲ್ಲ.

ಖಾಯಂ ಪಗಾರದಿಂದ ಸೋಮಾರಿಯಾದವನು ನಾನೇ: ಕಾಲೇಜಿನಲ್ಲಿ ಮೂರು ವರ್ಷದಿಂದ ಹುಡುಗರಿಗೆ ಅದೇ ಟಿಪ್ಪಣಿ ಓದಿ ಹೇಳುತ್ತಿದ್ದೇನೆ. ನಿಮ್ಮ ಕಾಯಿಲೆಯ ಪತ್ರ ಬಂದಾಗಲೂ ನನಗೆ ಪಗಾರದ ರಜೆ ಬಾಕಿಯಿತ್ತು; ಆದರೂ ನಾನು ಬರಲಿಲ್ಲ.