ಅಚ್ಚಿನ ಬಿರುಕು

ಮಾರ್ಚ್ 3, ಬೆಳಿಗ್ಗೆ
ಇವತ್ತೂ ಹೋಲ್ಡರ್‌ಗಳ ಧೂಳು. ದೊಡ್ಡಪ್ಪನ ಅಂಗಡಿಯಲ್ಲಿ ನಾಣ್ಯ ಮುಟ್ಟುವುದು ಅವರೊಬ್ಬರೇ. ನಾಣ್ಯ ಇಟ್ಟು ತೋರಿಸುವ ಹಳೆಯ ಪ್ಲಾಸ್ಟಿಕ್ ಹೋಲ್ಡರ್‌ಗಳು ನನ್ನ ಪಾಲು. ಎರಡು ಫಲಕ, ನಡುವೆ ನಾಣ್ಯ, ಮೂಲೆಗೊಂದು ಸ್ಕ್ರೂ. ಈ ಸಲದ ನಾಣ್ಯ ಪ್ರದರ್ಶನದಲ್ಲಿ ಅವಕ್ಕೇ ಒಂದು ಮೇಜು. ಪ್ರತಿಯೊಂದಕ್ಕೂ ವಯಸ್ಸು ಬರೆದ ಚೀಟಿ. ಚೀಟಿ ನಾನು ಬರೆಯಬೇಕು ಅಂತ ಆಸೆ. ಕೇಳಲು ಬಾಯಿ ಬರಲಿಲ್ಲ. ಐದನೇ ಕ್ಲಾಸಿನ ಹುಡುಗಿಯ ಸೊಟ್ಟ ಅಕ್ಷರ...

ಮಾರ್ಚ್ 5
ನೀಲಿ ಅಂಚಿನ ಹೋಲ್ಡರ್ 1972ರದು ಎಂದರು ದೊಡ್ಡಪ್ಪ. ಒಳಗಿನ ನಾಣ್ಯ ಆ ವರ್ಷದ್ದಂತೆ. ನಾಣ್ಯ ಯಾರಾದರೂ ಆಮೇಲೆ ಹಾಕಿರಬಹುದಲ್ಲ — ಮನಸ್ಸಿನಲ್ಲೇ ಅಂದೆ. ಹೇಗೋ ಬಾಯಿಂದಲೂ ಬಂತು.
"ಓಹೋ, ಮೌನಗೌರಿ ಮಾತಾಡಿದ್ಲು! ಹಾಗಾದ್ರೆ ವಯಸ್ಸು ನೀನೇ ಹೇಳು. ಸರಿ ಇದ್ರೆ ಚೀಟಿ ನೀನೇ ಬರಿ, ಮೇಜಿನ ಹಿಂದೆ ನೀನೇ ಕೂರು."
ಜನರ ಮುಂದೆ! ಆದರೂ ತಲೆಯಾಡಿಸಿದೆ.

ಮಾರ್ಚ್ 6
ಪ್ಲಾಸ್ಟಿಕ್ ಹಳದಿಗೆ ತಿರುಗಿದ್ದನ್ನು ನಂಬುವಂತಿಲ್ಲ — ಕಿಟಕಿ ಬಳಿ ಇಟ್ಟರೆ ಬೇಗ ತಿರುಗುತ್ತದೆ. ಸ್ಕ್ರೂ ನಂಬುವಂತಿಲ್ಲ — ಬದಲಾಯಿಸಿರಬಹುದು. ಇನ್ನೇನು ಉಳಿಯಿತು?

ಮಾರ್ಚ್ 9, ಮಧ್ಯಾಹ್ನ
ಉಗುರಿಗೆ ಸಿಕ್ಕಿತು! ಅದೇ ಅಚ್ಚಿನಲ್ಲಿ ಎರೆದ ಇನ್ನೊಂದು ನೀಲಿ ಅಂಚಿನದಿದೆ. ಅದರ ಬೆನ್ನಿಗೇ ಚಿನ್ನದ ಬಣ್ಣದಲ್ಲಿ ಕಾರ್ಖಾನೆಯವರೇ 1968 ಎಂದು ಒತ್ತಿದ್ದಾರೆ. ಅದರ ಮೂಲೆಯಲ್ಲಿ ಕೂದಲೆಳೆಯಂಥ ಉಬ್ಬುಗೆರೆ. ಎರಕದ ಅಚ್ಚು ಬಿರಿದು, ಬಿರುಕಿಗೆ ಪ್ಲಾಸ್ಟಿಕ್ ಇಳಿದ ಗುರುತು. ಬಿರಿದ ಮೇಲೆ ಎರೆದ ಎಲ್ಲದರಲ್ಲೂ ಆ ಗೆರೆ ಬೀಳಲೇಬೇಕು. ದೊಡ್ಡಪ್ಪ 1972 ಎಂದದ್ದರಲ್ಲಿ ಗೆರೆಯೇ ಇಲ್ಲ. ಅಂದರೆ ಅಚ್ಚು ಬಿರಿಯುವ ಮೊದಲೇ ಹುಟ್ಟಿದ್ದು!
"ಗೆರೆ ಉಜ್ಜಿ ಸವೆದಿರ್ಬೇಕು ಕಣೇ," ಎಂದರು ದೊಡ್ಡಪ್ಪ. "ಬಿರುಕು ಅಂದ್ರೆ ಸಣ್ಣಗೆ ಶುರುವಾಗಿ ಬೆಳೀಬೇಕು. ಸಣ್ಣ ಗೆರೆ ಇರೋದೊಂದು ತೋರಿಸು, ಒಪ್ತೀನಿ."

ಮಾರ್ಚ್ 17
ಅಂಗಡಿ, ಅಟ್ಟ, ಗುಜರಿ ಡಬ್ಬ — ಎಲ್ಲ ಜಾಲಾಡಿದ್ದಾಯಿತು. ನಾಳಿದ್ದು ಪ್ರದರ್ಶನ. ಅಳು ಬರುವ ಹಾಗಾಗಿ ದೊಡ್ಡಮ್ಮನ ಹೊಲಿಗೆ ಮಿಷನ್ ಪಕ್ಕ ನೆಲದ ಮೇಲೆ ಕೂತೆ. ಮಿಷನ್ನಿನ ಕಾಲಡಿ ನೀಲಿ ಅಂಚು!
"ಅದನ್ನ ತೆಗೀಬೇಡ್ವೇ, ಮಿಷನ್ ಕುಣಿಯತ್ತೆ!" ಎಂದರು ದೊಡ್ಡಮ್ಮ.
ತೆಗೆದೆ. ಮಿಷನ್ ಕುಣಿಯಿತು. ನಾನೂ ಕುಣಿದೆ. ಅದೇ ಮೂಲೆ, ಅದೇ ಗೆರೆ — ಅಕ್ಕಿಕಾಳಿನಷ್ಟೇ ಉದ್ದ.
ಮೂರನ್ನೂ ಸಾಲಾಗಿಟ್ಟೆ. ಗೆರೆಯಿಲ್ಲದ್ದು, ಚಿಕ್ಕ ಗೆರೆಯದು, ಉದ್ದದ್ದು. ದೊಡ್ಡಪ್ಪ ಭೂತಗನ್ನಡಿ ಹಿಡಿದರು, ಉಗುರಿನಿಂದ ಸವರಿದರು, ಮತ್ತೆ ಹಿಡಿದರು.
"ಬೆಳೆದಿದೆ ಕಣೇ ಬಿರುಕು!" ಬೀದಿಗೆಲ್ಲ ಕೇಳುವ ಹಾಗೆ ಕೂಗಿದರು. ಪೆನ್ನು ಅವರೇ ತಂದುಕೊಟ್ಟರು. "1968ಕ್ಕಿಂತ ಹಿಂದಿನದು" ಎಂದು ಬರೆದೆ. ಅಕ್ಷರ ಸ್ವಲ್ಪ ಸೊಟ್ಟ. ಇರಲಿ!

ಮಾರ್ಚ್ 19, ಮೇಜಿನ ಹಿಂದೆ
ಟೋಪಿ ಹಾಕಿದ ಸಂಗ್ರಾಹಕರೊಬ್ಬರು ಚೀಟಿ ಓದಿ, "ಪತ್ತೆ ಮಾಡಿದ್ಯಾರು?" ಎಂದರು. ದೊಡ್ಡಪ್ಪ ಬೇಕಂತಲೇ ಫ್ಯಾನ್ ನೋಡುತ್ತಾ ನಿಂತುಬಿಟ್ಟರು.
"ನಾನೇ," ಅಂದೆ. ಗಟ್ಟಿಯಾಗಿ! "ಉಗುರಿಟ್ಟು ನೋಡಿ ಸಾರ್, ಇಲ್ಲಿ."
ಅವರು ಉಗುರಿಟ್ಟರು, ಹುಬ್ಬೇರಿಸಿದರು, ಗೆಳೆಯರನ್ನು ಕರೆದರು. ಈಗ ಮೇಜಿನ ಸುತ್ತ ಜನವೋ ಜನ. ತಮ್ಮ ತಮ್ಮ ಚೀಲದಿಂದ ಹೋಲ್ಡರ್ ತೆಗೆದು ನನ್ನ ಮುಂದೆ ಹಿಡಿಯುತ್ತಿದ್ದಾರೆ. ಬರೆಯಲು ಬಿಡುತ್ತಿಲ್ಲ. ಒಬ್ಬರು ಹಸಿರು ಅಂಚಿನದು ತಂದು, "ಇದರ ವಯಸ್ಸೆಷ್ಟು ಹೇಳಮ್ಮಾ" ಅಂತ... ತಡಿ, ಮೂಲೆಯಲ್ಲಿ ಏನೋ—