ತೊಳೆಯದೆ ಉಳಿದ ನೈವೇದ್ಯದ ಲೋಟ

ಇಸವಿ ೨೨೨೬, ಆಷಾಢ ಶುದ್ಧ ಏಕಾದಶಿ
ಕಲ್ಲಹೊಂಡ

ಪೂಜ್ಯ ಸೋಮವ್ವ ಆಯಿಗೆ, ನಿಮ್ಮ ಎಂಟನೆಯ ತಲೆಮಾರಿನ ತುಳಸವ್ವನ ನಮಸ್ಕಾರಗಳು.

ಇಂದು ಉಪವಾಸ, ನೀರೂ ಮುಟ್ಟಿಲ್ಲ. ಅಂಗಳ ಸಾರಿಸಿ, ಎಮ್ಮೆ ಹಿಂಡಿ, ನನ್ನ ಕೆಲಸದ ಸಾಕ್ಷಿಪೆಟ್ಟಿಗೆಯ ಸೂಜಿಗಳನ್ನು ಕುದಿಸಿಟ್ಟು ಬರೆಯಲು ಕೂತಿದ್ದೇನೆ. ಮೇಲಿನ ಇಸವಿ ಕೇಳಿ ಗಾಬರಿಯಾಗಬೇಡಿ, ನಿಮಗಿಂತ ಇನ್ನೂರು ವರ್ಷ ಮುಂದಿನ ಕಾಲದಿಂದ ಬರೆಯುತ್ತಿದ್ದೇನೆ. ನನ್ನ ಮಾತು ವಿಚಿತ್ರ ಅನಿಸಿದರೆ ಕ್ಷಮಿಸಿ, ನಾನು ಓದಿದ್ದು ಊರ ಸಾಲೆಯಲ್ಲಿ ಮಾತ್ರ.

ನೀವು ಆಸ್ಪತ್ರೆಯ ಶವಾಗಾರದಲ್ಲಿ ಡಾಕ್ಟರರ ಕೈಕೆಳಗೆ ಹೆಣ ಕೊಯ್ದು ಹೊಲಿಯುವವರು, ಅದಕ್ಕೇ ನಿಮ್ಮ ಕೈಯಿಂದ ಊರಲ್ಲಿ ಯಾರೂ ನೀರು ಕುಡಿಯುತ್ತಿರಲಿಲ್ಲ ಎಂದು ನಮ್ಮ ಹಿರಿಯರು ಹೇಳಿಕೊಂಡು ಬಂದಿದ್ದಾರೆ. ಈಗ ಅಂಥ ಕೆಲಸಕ್ಕೆ ಊರಿಗೊಬ್ಬ ಸಾಕ್ಷಿಗಾರ್ತಿ ಇದ್ದಾಳೆ. ಸಾವಿನ ಮೇಲೆ ಅನುಮಾನ ಬಂದರೆ ಅವಳು ನೋಡುವ ತನಕ ಹೆಣಕ್ಕೆ ಸ್ನಾನವಿಲ್ಲ, ಮನೆಯ ಪಾತ್ರೆ ತೊಳೆಯುವಂತಿಲ್ಲ. ನಮ್ಮೂರಿಗೆ ಆ ಸಾಕ್ಷಿಗಾರ್ತಿ ನಾನೇ.

ಕಳೆದ ಏಕಾದಶಿಯಂದು ಬಾಯವ್ವ ಎಂಬ ಮುದುಕಿ ಫಲಾಹಾರಕ್ಕೆಂದು ಸೊಸೆ ಗೋದವ್ವ ಕೊಟ್ಟ ಸೋರೆಕಾಯಿ ರಸ ಕುಡಿದು, ರಕ್ತ ಕಾರಿಕೊಂಡು ತೀರಿಕೊಂಡಳು. ಅತ್ತೆ ಸೊಸೆಗೆ ಮೊದಲಿನಿಂದಲೂ ಆಗಿಬರುತ್ತಿರಲಿಲ್ಲ. ಮುದುಕಿಯ ತಮ್ಮ ಕೋನೇರಿ ಬಾಗಿಲಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಅಂದ: “ಈಕಿ ಕೈಯಾಗಿನ ನೀರ ಸೈತ ಯಾರೂ ಮುಟ್ಟಬ್ಯಾಡ್ರಿ. ಹೊಲಕ್ಕ ಹೊಡಿಯೋ ಎಣ್ಣಿ ಹಾಕ್ಯಾಳ.” ಗೋದವ್ವನನ್ನು ಹಿಡಿದು ಒಯ್ಯಲು ಬಂದ ಪೊಲೀಸರು ನನ್ನ ಮಾತಿಗಾಗಿ ಕಾದು ಕೂತಿದ್ದರು.

ಹೆಣದ ಹೊಟ್ಟೆಯಿಂದ ಒಂದು ಹನಿ, ಲೋಟದ ತಳದಿಂದ ಒಂದು ಹನಿ, ಅಡುಗೆಮನೆಯಲ್ಲಿ ಉಳಿದಿದ್ದ ಅರ್ಧ ಸೋರೆಕಾಯಿಯಿಂದ ಒಂದು ಹನಿ ತೆಗೆದು ನಾಲಿಗೆಪಟ್ಟಿಗೆ ಹಾಕಿದೆ. ಮನುಷ್ಯರು ಬಾಯಿಗೆ ಹಾಕಬಾರದ್ದನ್ನು ನಮ್ಮ ಬದಲು ರುಚಿ ನೋಡಿ ಹೇಳುವ ಪಟ್ಟಿ ಅದು. ಮೂರರಲ್ಲೂ ಹುಳಕ್ಕೆ ಹೊಡೆಯುವ ಆ ಹೊಲದ ಎಣ್ಣೆ ಇರಲಿಲ್ಲ. ಇದ್ದದ್ದು ಆ ಕಾಯಿಯದೇ ಕಹಿ. ಅಪರೂಪಕ್ಕೆ ಒಂದು ಸೋರೆಕಾಯಿ ಹಾಗೆ ವಿಷವಾಗಿ ಬೆಳೆದುಬಿಡುತ್ತದೆ. ಅಷ್ಟು ಕಹಿ ಇದ್ದದ್ದು ರಸ ಮಾಡಿದವಳಿಗೂ ತಿಳಿಯಲಿಲ್ಲವೇ, ಕುಡಿದವಳಾದರೂ ಉಗುಳಬಾರದಿತ್ತೇ ಎಂದು ಪೊಲೀಸರು ಕೇಳಿದರು. ಅದಕ್ಕೆ ಪಟ್ಟಿಯಲ್ಲಿ ಉತ್ತರವಿರಲಿಲ್ಲ, ಲೋಟದಲ್ಲಿತ್ತು. ತಳಕ್ಕೆ ಅಂಟಿದ್ದ ತುಳಸಿ ದಳ ತೋರಿಸಿದೆ, ಆ ರಸವನ್ನು ಮೊದಲು ದೇವರಿಗೆ ನೈವೇದ್ಯ ಮಾಡಿದ್ದರು. ದೇವರ ಮುಂದಿಡುವ ಮೊದಲು ನಾವು ರುಚಿ ನೋಡುವುದಿಲ್ಲ. ಇಟ್ಟ ಮೇಲೆ ಅದು ಪ್ರಸಾದ, ಉಗುಳುವುದಿಲ್ಲ. ತಾಲೂಕಿನ ಸಾಕ್ಷಿಮನೆಯವರೂ ಅಂದೇ ಆ ಹನಿಗಳನ್ನು ಪರಿಶೀಲಿಸಿ ನನ್ನ ಮಾತು ಒಪ್ಪಿದರು. ಪೊಲೀಸರು ಬರೆದುಕೊಂಡು ಹೋದರು.

ಮರುದಿನ ದ್ವಾದಶಿ. ಗೋದವ್ವ ಕೊಟ್ಟ ನೀರನ್ನು ಆಗಲೂ ಯಾರೂ ಮುಟ್ಟುತ್ತಿರಲಿಲ್ಲ. ನಾನು ಮಿಂದು, ಪೂಜೆ ಮುಗಿಸಿ, ಅವಳ ಕಟ್ಟೆಯ ಮೇಲೆ ಕೂತು ನೀರು ಕೇಳಿದೆ. ಸೂತಕದ ಮನೆ ಎಂದು ಕೆಲವರು ಗೊಣಗಿದರು. ವಿಠ್ಠಲನಿಗೆ ನಾನು ಹೇಳಿಕೊಳ್ಳುತ್ತೇನೆ ಅಂದೆ. ಆ ನೀರಿನಿಂದಲೇ ಉಪವಾಸ ಬಿಟ್ಟೆ. ಸ್ವಲ್ಪ ಹೊತ್ತಿಗೆ ಕೋನೇರಿಯೂ ತಲೆ ತಗ್ಗಿಸಿಕೊಂಡು ಬಂದು ಲೋಟಕ್ಕೆ ಕೈಚಾಚಿದ.

ಆಯಿ, ನಿಮ್ಮ ಕೈಯ ಕೆಲಸ ನನ್ನ ಕೈಗೆ ಬಂದಿದೆ ಎಂದು ಆಗ ತುಂಬ ಹೆಮ್ಮೆಯಾಯಿತು. ನಿಮ್ಮ ಕೈಯಿಂದ ಮೊದಲು ನೀರು ಕುಡಿದವರು ಯಾರು? ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

ಆಯಿಗೆ ಓದು ಬರುವುದಿಲ್ಲ. ಈ ಕಾಗದ ಸಿಕ್ಕ ಪುಣ್ಯಾತ್ಮರು ದಯವಿಟ್ಟು ಶವಾಗಾರಕ್ಕೆ ಹೋಗಿ ಅವರಿಗೆ ಓದಿ ಹೇಳಿರಿ. ಅವರು ನೀರು ಕೊಟ್ಟರೆ ಕುಡಿಯಿರಿ. ಆಮೇಲೆ ಅವರ ಉತ್ತರವನ್ನು ಬರೆದುಕೊಂಡು ನನಗೆ ತಂದುಕೊಡಿರಿ.