ಬೀಗತಿಯರ ಮರ್ಯಾದೆ

ಹುಬ್ಬಳ್ಳಿ
೧೧ ಜನವರಿ ೨೦೨೬, ಭಾನುವಾರ

ಮಗ ಪ್ರಶಾಂತನಿಗೆ ಅವ್ವನ ಆಶೀರ್ವಾದಗಳು.

ಆರಾಮ ಇದ್ದೀಯಾ? ಆ ಹಿಮದಲ್ಲಿ ಕಿವಿಗೆ ಬಟ್ಟೆ ಕಟ್ಟಿಕೊಳ್ಳುತ್ತೀಯೋ ಇಲ್ಲವೋ, ಹೇಳುವವರು ಯಾರು ನಿನಗೆ? ಮುಂಜಾನೆಯಿಂದ ನಿನ್ನ ಫೋನು ಹತ್ತಲೇ ಇಲ್ಲ. ನಿಮ್ಮ ಪಲ್ಟನ್ನಿನ ಫಕ್ಕೀರೇಶ ರಕ್ತ ಕೊಡಲು ಬಂದಿದ್ದಾನೆ. ರಜೆ ಮುಗಿದದ್ದರಿಂದ ಇಲ್ಲಿಂದಲೇ ರೈಲು ಹತ್ತುತ್ತಾನೆ. ಅವನ ಕೈಯಲ್ಲಿ ಕೊಡಲೆಂದು ಆಸ್ಪತ್ರೆಯ ಬಾಕಿನ ಮೇಲೆ ಕುಳಿತು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ತೊಡೆಯ ಮೇಲೆ ಹಾಳೆ ಇಟ್ಟು ಬರೆದದ್ದು ಎಂದು ತಿಳಿ.

ಮೊದಲು ಒಳ್ಳೆಯದು ಹೇಳುತ್ತೇನೆ. ನಿನಗೆ ಹೆಣ್ಣು ಕೂಸು ಹುಟ್ಟಿದೆ. ಥೇಟ್ ನಿನ್ನದೇ ಮೂಗು, ಪಾಪ. ಇನ್ನು ಕೆಟ್ಟದ್ದು. ತಡಸದ ತವರಲ್ಲಿದ್ದ ತನುಜಾಳಿಗೆ ದಿನ ತುಂಬಿದವೆಂದು ನಾನೂ ಚಿಕ್ಕೇರೂರಿನಿಂದ ಬಂದಿದ್ದೆ. ಶಿಗ್ಗಾವಿಯಲ್ಲಿ ಹೆರಿಗೆಯಾಯಿತು, ಮಾಸು ಬಿತ್ತು, ರಕ್ತ ಮಾತ್ರ ನಿಲ್ಲಲಿಲ್ಲ. ಅಲ್ಲಿಯವರು ತಡಮಾಡದೆ ಆಂಬುಲೆನ್ಸಿನಲ್ಲಿ ಇಲ್ಲಿಗೆ ಕಳಿಸಿದರು. ಇಲ್ಲಿಯೂ ಸೂಜಿ, ಔಷಧ, ಗರ್ಭಕೋಶದೊಳಗೆ ಉಬ್ಬಿಸುವ ಬಲೂನು ಎಲ್ಲ ಆಯಿತು. ಹಾಸಿದ ಬಟ್ಟೆ ತೊಯ್ಯುತ್ತಲೇ ಇತ್ತು. ಅವಳ ತುಟಿ ಸುಣ್ಣದಂತೆ ಬಿಳಿಚಿತು.

ಹೊಟ್ಟೆ ಕೊಯ್ದು ಗರ್ಭಕೋಶವನ್ನೇ ತೆಗೆಯಬಹುದು ಎಂದರು ಒಬ್ಬರು. ಎಕ್ಸ್‌ರೇ ನೋಡುತ್ತ ಚಿಕಿತ್ಸೆ ಮಾಡುವ ಲೇಡಿ ಡಾಕ್ಟರ್ ಒಬ್ಬರು ಬೇರೆ ದಾರಿ ಹೇಳಿದರು: “ತೊಡಿ ಹತ್ರ ರಕ್ತನಾಳದಾಗ ಸಣ್ಣ ನಳಿಗಿ ಹಾಕಿ, ಪರದೆ ಮ್ಯಾಲ ನೋಡಕೋತ ಗರ್ಭಕೋಶದ ತನಕ ಒಯ್ತೇವಿ. ಹೊಲದಾಗ ಕಾಲುವಿ ಬಾಯಿ ಕಟ್ಟಿದಂಗ ಅಲ್ಲೇ ರಕ್ತ ಕಟ್ತೇವಿ. ನಿಲ್ಲಲಿಲ್ಲಂದ್ರ ತಕ್ಷಣ ಆಪರೇಷನ್. ಲಗೂನ ಹೇಳ್ರಿ, ಯಾವುದು?”

ಆಗ ನಾವಿಬ್ಬರು ಬೀಗತಿಯರು ಮಾಡಿದ ಘನಕಾರ್ಯ ಕೇಳು. ನಿನ್ನ ಅತ್ತೆ ಗಿರಿಜವ್ವ ಸೆರಗು ಬಾಯಿಗಿಟ್ಟುಕೊಂಡು, “ಕೊಟ್ಟ ಹೆಣ್ಣು, ಈಗ ನಿಮ್ಮ ಮನಿಯಾಕಿ. ನೀವ ಹೇಳ್ರಿ,” ಎಂದರು. ನಾನು, “ಹೆತ್ತಾಕಿ ನೀವು, ಬಾಣಂತನ ನಿಮ್ದು. ನೀವ ಹೇಳ್ರಿ,” ಎಂದೆ. ಅವರು ಮತ್ತೆ ನೀವ ಹೇಳ್ರಿ, ನಾನು ಮತ್ತೆ ನೀವ ಹೇಳ್ರಿ. ಸೀಮಂತದ ಕುಬಸದ ದಿನ ಊಟಕ್ಕೆ ಮೊದಲು ಯಾರು ಕೂರಬೇಕೆಂದು ಮಾಡಿದ ಉಪಚಾರವೇ ಇಲ್ಲಿಯೂ! ಒಳಗೆ ಹುಡುಗಿಯ ರಕ್ತ ಹರಿಯುತ್ತಿದೆ, ಹೊರಗೆ ನಮ್ಮ ಮರ್ಯಾದೆ ಮುಗಿಯುತ್ತಿಲ್ಲ. ಡಾಕ್ಟರ್ ಸಿಟ್ಟಾಗಿ ಒಳಗೆ ಹೋಗಿ ತನುಜಾಳನ್ನೇ ಕೇಳಿದರು. ಬಾಗಿಲಲ್ಲಿದ್ದ ನಮಗೂ ಕೇಳಿಸಿತು. ದನಿ ಸಣ್ಣದು, ಮಾತು ಗಟ್ಟಿ: “ನಳಿಗಿ ಹಾಕ್ರಿ. ಆಗಲಿಲ್ಲಂದ್ರ ತಗೀರಿ. ನಾ ಉಳೀಬೇಕ್ರಿ. ಹೊರಗ ಯಾರನ್ನೂ ಕೇಳಬ್ಯಾಡ್ರಿ.”

ಒಯ್ದಿದ್ದಾರೆ. ಇನ್ನೂ ಯಾರೂ ಹೊರಗೆ ಬಂದಿಲ್ಲ. ಗಿರಿಜವ್ವ ನನ್ನ ಎಡಗೈ ಹಿಡಿದು ಕುಳಿತಿದ್ದಾರೆ, ಬಿಡುತ್ತಿಲ್ಲ. ನನಗೆ ಹೆದರಿಕೆಯಾಗಿದೆ, ಪ್ರಶಾಂತ. ಫಕ್ಕೀರೇಶ ಹೊರಟು ನಿಂತ. ದೇವರು ನಿಮ್ಮ ಮೂವರನ್ನೂ ಕಾಯಲಿ.

ನಿನ್ನ ಅವ್ವ,
ಸರೋಜವ್ವ

ತಾ.ಕ.: ಫಕ್ಕೀರೇಶನನ್ನು ಮೆಟ್ಟಿಲಲ್ಲಿ ಕೂಗಿ ನಿಲ್ಲಿಸಿದೆ. ರಕ್ತ ನಿಂತಿತು! ಗರ್ಭಕೋಶವೂ ಉಳಿಯಿತು. ಅವಳ ಹಾಸಿಗೆಯ ಪಕ್ಕದಿಂದಲೇ ನಿನ್ನಪ್ಪನಿಗೆ ಫೋನು ಮಾಡಿದರೆ, “ಹಂಗಾರ ಮುಂದಿಂದು ಗಂಡು,” ಎಂದರು. ಅದು ತನುಜಾಳಿಗೂ ಕೇಳಿಸಿತು. ನನ್ನ ಸೆರಗು ಹಿಡಿದು, “ಅತ್ತೀ, ಇನ್ನೊಂದು ಅಂತ ಯಾರರ ಅಂದ್ರ ನನ್ನ ಪರವಾಗಿ ನೀವ ಜಗಳಾಡ್ರಿ, ನನಗ ಶಕ್ತಿ ಇಲ್ಲ,” ಎಂದಳು. ನಿನ್ನಪ್ಪನ ಜೊತೆ ಜಗಳಾಡಿ ಮುಗಿಸಿದೆ. ಇನ್ನು ಉಳಿದವನು ನೀನೊಬ್ಬ.